ಎದೆ ನೂರಾ ಮೂವತ್ತರಲ್ಲಿ ಓಡುವಾಗ

ನನ್ನ ಎದೆ ಆಗಾಗ ತಾಳ ತಪ್ಪುತ್ತದೆ. ಕಾಯಿಲೆಯ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ಡಾಕ್ಟರುಗಳು ಚುಟುಕಾಗಿ ಎ.ಎಫ್. ಎನ್ನುತ್ತಾರೆ. ನನ್ನದು ಬಂದು ಹೋಗುವ ಜಾತಿಯದು. ಕೆಲವು ಗಂಟೆ ಕಾಡಿಸಿ ತಾನಾಗಿಯೇ ಹೊರಟುಹೋಗುತ್ತದೆ, ಮತ್ತೆ ವಾರಗಟ್ಟಲೆ ಸುದ್ದಿಯೇ ಇರುವುದಿಲ್ಲ. ಹಾಸನದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಕಾರಣ ತಿಳಿಯದ ಸಂಗತಿಯನ್ನು ಸಹಿಸುವುದು ನನಗೆ ಕಷ್ಟ. ಹಾಗಾಗಿ ಮೊದಲು ಒಳಗೆ ನಡೆಯುವುದೇನೆಂದು ಡಾಕ್ಟರ ಬೆನ್ನುಬಿದ್ದು ಕೇಳಿ ತಿಳಿದುಕೊಂಡೆ.

ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಸಂಕುಚಿಸುವುದನ್ನು ಬಿಟ್ಟು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಸುಮ್ಮನೆ ಅದುರುತ್ತವೆ. ಅಷ್ಟೂ ಕೆಳಗಿನ ಕೋಣೆಗಳಿಗೆ ಇಳಿದರೆ ಮನುಷ್ಯ ಬದುಕುಳಿಯುವುದು ಕಷ್ಟ. ನಡುವೆ ಎ.ವಿ. ನೋಡ್ ಎಂಬ ಸಣ್ಣ ಗಂಟೊಂದು ಬಾಗಿಲು ಕಾಯುತ್ತದೆ. ಬಂದದ್ದರಲ್ಲಿ ಕೆಲವನ್ನಷ್ಟೇ, ಅದೂ ಲೆಕ್ಕವಿಲ್ಲದ ಅಂತರದಲ್ಲಿ, ಒಳಗೆ ಬಿಡುತ್ತದೆ. ನಾಡಿ 120, 140 ಎಂದು ಓಡುವುದೂ ಒಂದು ಬಡಿತದ ಹಿಂದೆ ಇನ್ನೊಂದು ಯಾವಾಗ ಬರುತ್ತದೆಂದು ಹೇಳಲಾಗದಿರುವುದೂ ಇದರಿಂದಲೇ. ನಾನು ನುಂಗುವ ಮೆಟೊಪ್ರೊಲಾಲ್ ಮೇಲಿನ ಅದುರುವಿಕೆಯನ್ನು ನಿಲ್ಲಿಸುವುದಿಲ್ಲ, ಬಾಗಿಲನ್ನು ಬಿಗಿ ಮಾಡುತ್ತದೆ, ಅಷ್ಟೇ. ಇದು ತಿಳಿದ ಮೇಲೆ ನನ್ನ ಅರ್ಧ ಗಾಬರಿ ಇಳಿಯಿತು. ತಾಳ ಸರಿಹೋಗುವುದು ನನ್ನ ಕೈಯಲ್ಲಿಲ್ಲ. ಮನೆಯಲ್ಲಿ ಕುಳಿತು ನಾನು ನೋಡಿಕೊಳ್ಳಬೇಕಾದದ್ದು ವೇಗವನ್ನು ಮಾತ್ರ.

ವೇಗ ನೋಡುವುದೂ ಸುಲಭವಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 88 ಎನ್ನುತ್ತದೆ, ಮರುಕ್ಷಣ 131 ಎನ್ನುತ್ತದೆ. ಎರಡು ಬಡಿತ ತೀರಾ ಹತ್ತಿರ ಬಂದಾಗ ಎರಡನೆಯದಕ್ಕೆ ಹೃದಯದಲ್ಲಿ ರಕ್ತ ತುಂಬಿರುವುದಿಲ್ಲ. ಅದು ಎದೆಯಲ್ಲಿ ಬಡಿದರೂ ಮಣಿಕಟ್ಟಿನವರೆಗೆ ಬರುವುದಿಲ್ಲ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎಣಿಸಿದಾಗ ಸಿಗುವ ಸಂಖ್ಯೆ ಕೈನಾಡಿಗಿಂತ ಹೆಚ್ಚಿರುವುದು ಇದೇ ಕಾರಣಕ್ಕೆ. ನಾನು ಊಟದ ಮೇಜಿನ ಮುಂದೆ, ಸೆಕೆಂಡಿನ ಮುಳ್ಳಿರುವ ಗಡಿಯಾರಕ್ಕೆ ಎದುರಾಗಿ ಕೂರುತ್ತೇನೆ. ಎಡಗೈಯನ್ನು ಅಂಗಾತ ಮೇಜಿನ ಮೇಲಿಟ್ಟು, ಹೆಬ್ಬೆರಳಿನ ಬುಡದ ಕೆಳಗೆ ಬಲಗೈಯ ಮೂರು ಬೆರಳನ್ನು ಹಗುರವಾಗಿ ಒತ್ತಿ, ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಸಮಗತಿಯ ನಾಡಿಗೆ ಸರಿ, ಇದಕ್ಕಲ್ಲ. ಬಿಪಿ ಯಂತ್ರಕ್ಕೂ ಇದೇ ಗೊಂದಲ. ಅದು ಕೆಲವೊಮ್ಮೆ ಎರರ್ ತೋರಿಸಿ ಕೈಚೆಲ್ಲುತ್ತದೆ. ಸ್ವಲ್ಪ ಬಿಡುವು ಕೊಟ್ಟು ಮೂರು ಸಲ ನೋಡಿ ಸರಾಸರಿ ತೆಗೆಯುತ್ತೇನೆ. ಹೀಗೆ ಎಣಿಸುತ್ತಾ ಕೂರುವುದಕ್ಕೆ ಇನ್ನೊಂದು ಲಾಭವಿದೆ: ಎಣಿಸುವವರಿಗೆ ಹೆದರಲು ಪುರುಸೊತ್ತಿರುವುದಿಲ್ಲ. ಆದರೆ ಐದು ನಿಮಿಷಕ್ಕೊಮ್ಮೆ ಎಣಿಸಲು ಹೊರಟರೆ ಲಾಭ ನಷ್ಟಕ್ಕೆ ತಿರುಗುತ್ತದೆ. ಅರ್ಧ ಗಂಟೆಗೊಮ್ಮೆ ಸಾಕು.

ನನ್ನ ಚೀಟಿಯಲ್ಲಿ ಡಾಕ್ಟರು ಒಂದು ಸಾಲು ಬರೆದುಕೊಟ್ಟಿದ್ದಾರೆ. ಸುಮ್ಮನೆ ಕುಳಿತಿದ್ದಾಗಲೂ ನಾಡಿ 120ರ ಮೇಲೆಯೇ ನಿಂತಿದ್ದರೆ, ಬಿಪಿಯ ಮೇಲಿನ ಅಂಕಿ 110ಕ್ಕಿಂತ ಕೆಳಗಿಳಿದಿಲ್ಲದಿದ್ದರೆ, ಬೇಗ ಕೆಲಸ ಮಾಡುವ 25 ಮಿಲಿಗ್ರಾಂ ಮೆಟೊಪ್ರೊಲಾಲ್ ಒಂದು ಹೆಚ್ಚುವರಿ ಮಾತ್ರೆ. ಪ್ರತಿದಿನದ ಮಾತ್ರೆ ಬೇರೆ. ಅದು ನಿಧಾನವಾಗಿ ಬಿಡುಗಡೆಯಾಗುವಂಥದು, ಅದನ್ನು ಪುಡಿ ಮಾಡಬಾರದು, ಜಗಿಯಬಾರದು. ಈ ಸಾಲನ್ನು ಬರೆದದ್ದು ನನ್ನೊಬ್ಬಳಿಗೆ. ಆಸ್ತಮಾ ಇರುವವರಿಗೆ ಇದೇ ಮಾತ್ರೆ ಉಸಿರು ಕಟ್ಟಿಸಬಹುದು. ಪಕ್ಕದ ಮನೆಯವರು ಕೇಳಿದರೆಂದು ನಾನು ಕೊಡುವುದೂ ಇಲ್ಲ.

ನುಂಗಿದ ಮೇಲಿನ ಒಂದು ಗಂಟೆಯೇ ಕಷ್ಟದ್ದು. ಆಗ ಎಡಮಗ್ಗುಲಿಗೆ ಮಲಗುವುದಿಲ್ಲ. ಹಾಗೆ ಮಲಗಿದರೆ ಎದೆಯ ಬಡಿತ ಹಾಸಿಗೆಯಲ್ಲೇ ಕೇಳಿಸುತ್ತದೆ. ಬೆನ್ನಿಗೆ ಎರಡು ದಿಂಬು ಕೊಟ್ಟು ಒರಗಿ, ಒಳಗೆಳೆದ ಉಸಿರನ್ನು ಅದರ ಎರಡರಷ್ಟು ಹೊತ್ತು ಹೊರಬಿಡುತ್ತಾ ಇರುತ್ತೇನೆ. ಇದರಿಂದ ಎ.ಎಫ್. ನಿಲ್ಲುವುದಿಲ್ಲ. ಭಯದಿಂದ ಏರಿದ ಹತ್ತಿಪ್ಪತ್ತು ಬಡಿತ ಮಾತ್ರ ಇಳಿಯುತ್ತದೆ, ಅದೇನು ಕಡಿಮೆಯಲ್ಲ. ಮುಖಕ್ಕೆ ತಣ್ಣೀರು ಎರಚು, ಉಸಿರು ಬಿಗಿಹಿಡಿದು ತಿಣುಕು ಎಂದು ಹೇಳುವವರಿದ್ದಾರೆ. ಎಸ್.ವಿ.ಟಿ. ಎಂಬ ಇನ್ನೊಂದು ಬಗೆಯ ಓಟವನ್ನು ಆ ಉಪಾಯಗಳು ನಿಲ್ಲಿಸಬಲ್ಲವು, ನನ್ನದನ್ನಲ್ಲ. ನಮ್ಮ ಅತ್ತಿಗೆಯ ಪಾಲಿಗಂತೂ ಎದೆಯಲ್ಲಿ ಏನೇ ಆದರೂ ಅದು ಗ್ಯಾಸ್. ಅವರು ಕೊಟ್ಟ ಜೀರಿಗೆ ಕಷಾಯವನ್ನು ಕುಡಿಯುತ್ತೇನೆ, ಪ್ರೀತಿಯಿಂದ ಮಾಡಿದ್ದಾರೆಂದು.

ಯಾರೂ ಮೊದಲೇ ಹೇಳದಿದ್ದ ಒಂದು ವಿಷಯವಿದೆ. ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಮೇಲಿಂದ ಮೇಲೆ ಮೂತ್ರ ಬರುತ್ತದೆ, ಅದೂ ನೀರಿನಷ್ಟು ತಿಳಿಯಾಗಿ. ಮೇಲಿನ ಕೋಣೆಗಳ ಗೋಡೆ ಹಿಗ್ಗಿದಾಗ ಉಪ್ಪನ್ನೂ ನೀರನ್ನೂ ಹೊರಹಾಕಿಸುವ ಹಾರ್ಮೋನೊಂದು ಅಲ್ಲಿಂದಲೇ ಹೊರಡುತ್ತದೆ. ಸಕ್ಕರೆ ಕಾಯಿಲೆಯೂ ಬಂತೇ ಎಂದು ಗಾಬರಿಪಡಬೇಕಾಗಿಲ್ಲ. ಅಪಾಯ ಬೇರೆ ಕಡೆ ಇದೆ: ರಾತ್ರಿ, ಬಿಪಿ ಇಳಿದಿರುವಾಗ, ದಡಬಡ ಎದ್ದು ಬಚ್ಚಲಿಗೆ ಓಡುವುದು. ಮಂಚದ ಅಂಚಿನಲ್ಲಿ ತುಸು ಕುಳಿತು, ದೀಪ ಹಾಕಿಕೊಂಡು, ಇವರನ್ನು ಎಬ್ಬಿಸಿಯೇ ಹೋಗುತ್ತೇನೆ. ಓಟ ನಿಂತು ಸಹಜ ಬಡಿತಕ್ಕೆ ಮರಳುವ ಹೊತ್ತಿನಲ್ಲೂ ಒಂದು ಕ್ಷಣ ತಲೆ ಸುತ್ತುವುದುಂಟು, ಹಾಗಾಗಿ ಗೆದ್ದೆನೆಂದು ತಟ್ಟನೆ ಏಳುವುದಿಲ್ಲ.

ಇಷ್ಟು ಗದ್ದಲವೆಬ್ಬಿಸುವ ಈ ಓಟಕ್ಕಿಂತ ದೊಡ್ಡ ಅಪಾಯ ಸದ್ದಿಲ್ಲದ್ದು. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ಬೆಳಿಗ್ಗೆ ಮತ್ತು ರಾತ್ರಿ ಅಪಿಕ್ಸಬಾನ್ ಎಂಬ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೇನೆ, ಎದೆ ತಿಂಗಳಿಡೀ ಶಾಂತವಾಗಿದ್ದರೂ ಸರಿ. ಎದುರು ಮನೆಯಾಕೆಗೆ ಚಿಕ್ಕಂದಿನ ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಬಹಳ ಕಿರಿದಾಗಿದೆ, ಅವರಿಗೂ ಎ.ಎಫ್. ಇದೆ, ಆದರೆ ಈ ಹೊಸ ಮಾತ್ರೆಗಳು ಅಂಥವರಿಗಲ್ಲ. ಅವರದು ಹಳೆಯ ಅಸಿನೊಕೌಮರಾಲ್, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳುವ ಐ.ಎನ್.ಆರ್. ಎಂಬ ಅಂಕಿ 2ರಿಂದ 3ರೊಳಗೆ ಇರಬೇಕೆಂದು ಆಗಾಗ ರಕ್ತ ಪರೀಕ್ಷೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಬಲ ಕುಗ್ಗಿಸುತ್ತದೆಂದು ಸೊಪ್ಪನ್ನೇ ಬಿಟ್ಟಿದ್ದರು ಪಾಪ. ಬಿಡಬೇಕಾಗಿಲ್ಲ, ಒಂದು ದಿನ ರಾಶಿ, ಇನ್ನೊಂದು ದಿನ ಶೂನ್ಯ ಎಂದಾಗದಂತೆ ತಿಂದರೆ ಆಯಿತು ಎಂದು ಅವರ ಡಾಕ್ಟರೇ ಹೇಳಬೇಕಾಯಿತು. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೊಫಿನಾಕ್ ತಂದು ನುಂಗುವುದು ನಮ್ಮಿಬ್ಬರಿಗೂ ನಿಷಿದ್ಧ, ರಕ್ತಸ್ರಾವವಾದೀತು. ನೆಗಡಿ ಮಾತ್ರೆಯ ಪಟ್ಟಿಯ ಹಿಂದೆ ಫೆನಿಲೆಫ್ರಿನ್ ಎಂದಿದ್ದರೂ ವಾಪಸು ಕೊಡುತ್ತೇನೆ, ಅದು ಬಿಪಿ ಏರಿಸಬಲ್ಲದು.

ಮನೆಯಲ್ಲಿ ಕೂರಬಾರದ ಸಂದರ್ಭಗಳು ಬೇರೆ. ಎದೆನೋವು, ಪ್ರಜ್ಞೆ ತಪ್ಪುವುದು, ಮಲಗಿದರೆ ಉಸಿರು ಸಿಗದಿರುವುದು, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಎತ್ತಲಾಗದಿರುವುದು: ಇವುಗಳಲ್ಲಿ ಒಂದು ಕಂಡರೂ ಎಣಿಸುತ್ತಾ ಕೂರದೆ 108ಕ್ಕೆ ಫೋನು. ಮಾತ್ರೆ ನುಂಗಿ ಎರಡು ಗಂಟೆಯಾದರೂ ನಾಡಿ 120ರಿಂದ ಕೆಳಗಿಳಿಯದಿದ್ದರೂ ನಾನು ಹೊರಡುತ್ತೇನೆ. ಒಮ್ಮೆ ಹಾಗೆ ಹೋದಾಗ ನರದ ಮೂಲಕ ಡಿಲ್ಟಿಯಾಜೆಮ್ ಕೊಟ್ಟು ಇಳಿಸಿದರು. ಅಲ್ಲಿ ಅವರು ಮೊದಲು ಕೇಳಿದ್ದೇ ಶುರುವಾದದ್ದು ಯಾವಾಗ, ರಕ್ತ ತೆಳುವಾಗಿಸುವ ಮಾತ್ರೆ ಮೂರು ವಾರದಿಂದ ಒಂದೂ ತಪ್ಪದೆ ನಡೆದಿದೆಯೇ ಎಂದು. ಶಾಕ್ ಕೊಟ್ಟು ತಾಳ ಸರಿಪಡಿಸಬೇಕಾಗಿ ಬಂದರೆ, ಒಳಗೆ ಹೆಪ್ಪು ಇರಬಹುದೇ ಎಂಬ ಅಂದಾಜಿಗೆ ಈ ಎರಡು ಉತ್ತರ ಬೇಕು.

ಆ ಉತ್ತರಗಳು ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಇವೆ. ಶುರುವಾದ ಹೊತ್ತು, ನಿಂತ ಹೊತ್ತು, ಅತಿ ಹೆಚ್ಚಿನ ನಾಡಿ, ಹಿಂದಿನ ದಿನದ ಸಮಾಚಾರ. ಕೆಲವು ತಿಂಗಳ ಹಾಳೆಗಳನ್ನು ಜೋಡಿಸಿ ನೋಡಿದಾಗ ಮದುವೆಮನೆಯ ನಿದ್ದೆಗೆಟ್ಟ ರಾತ್ರಿ, ಜ್ವರ, ವಾಂತಿಭೇದಿಯಾಗಿ ಮೈ ಒಣಗಿದ ದಿನ ಎದ್ದು ಕಂಡವು. ಕಾಫಿ ಕಾಣಲಿಲ್ಲ. ಕಾಫಿ ಬಿಡು ಎಂದು ಊರೇ ಹೇಳಿತ್ತು, ಡಾಕ್ಟರೊಬ್ಬರನ್ನು ಬಿಟ್ಟು. ಗೊರಕೆಯ ವಿಷಯವನ್ನು ಅದೇ ಹಾಳೆಯಲ್ಲಿ ಬರೆದವರು ಇವರು, ನನ್ನನ್ನು ಕೇಳದೆ. ಡಾಕ್ಟರು ಅದನ್ನೋದಿ ನಕ್ಕರು, ಆಮೇಲೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ ಎಂಬ ಪರೀಕ್ಷೆಗೂ ಥೈರಾಯ್ಡ್ ಪರೀಕ್ಷೆಗೂ ಬರೆದುಕೊಟ್ಟರು. ಓಟದ ದಿನಗಳು ಹೀಗೇ ಹೆಚ್ಚುತ್ತಾ ಹೋದರೆ ಅಬ್ಲೇಷನ್ ಬಗ್ಗೆ, ಅಂದರೆ ನಳಿಕೆ ತೂರಿಸಿ ತಾಳ ತಪ್ಪಿಸುವ ಜಾಗವನ್ನು ಸುಡುವ ಚಿಕಿತ್ಸೆಯ ಬಗ್ಗೆ, ಮಾತಾಡೋಣ ಎಂದಿದ್ದಾರೆ. ಮುಂದಿನ ಭೇಟಿಗೆ ಈ ವರ್ಷದ ಹಾಳೆಗಳನ್ನೆಲ್ಲ ಪಿನ್ನು ಹಾಕಿ ಇಟ್ಟಿದ್ದೇನೆ, ಓಟದ ಹೊತ್ತಿನಲ್ಲೇ ತೆಗೆಸಿದ ಇಸಿಜಿಯ ಜೆರಾಕ್ಸ್ ಸಮೇತ. ಮೂಲಪ್ರತಿಯ ಕಾಗದದ ಮೇಲಿನ ಗೆರೆ ಕಾಲಕ್ರಮೇಣ ಮಾಸಿಹೋಗುತ್ತದೆ.