ಮೈಸೂರಿನಲ್ಲಿ ಸುಶಿ: ಮೊದಲು ಅನ್ನ ನೋಡಿ, ಆಮೇಲೆ ಮೀನು ಕೇಳಿ

ಜಪಾನಿನ ಸುಶಿ ಅಂದರೆ ಹಸಿ ಮೀನು ಅಂದುಕೊಂಡು ಎಷ್ಟೋ ಜನ ಸುಶಿ ಹೋಟೆಲಿನ ಕಡೆ ತಲೆ ಹಾಕುವುದಿಲ್ಲ. ಸುಶಿಯ ಜೀವಾಳ ಅನ್ನ. ಅಂಟುವ ಗಿಡ್ಡ ಅಕ್ಕಿಯ ಅನ್ನಕ್ಕೆ ಅಕ್ಕಿ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿರುತ್ತಾರೆ. ಅನ್ನವಿಲ್ಲದೆ ಬರೀ ಹಸಿ ಮೀನಿನ ಹೋಳು ಕೊಟ್ಟರೆ ಅದು ಸಾಶಿಮಿ.

ಗೋಕುಲಂ ಇರಲಿ, ಕುವೆಂಪುನಗರ ಇರಲಿ, ಹೊಸ ಜಾಗಕ್ಕೆ ಹೋದರೆ ಮೊದಲು ಒಂದು ಸೌತೆಕಾಯಿ ರೋಲ್, ಅಂದರೆ ಅನ್ನದೊಳಗೆ ಸೌತೆಕಾಯಿ ಇಟ್ಟು ಸುತ್ತಿದ್ದು, ತರಿಸಿ. ಕಪ್ಪಾ ಮಾಕಿ ಎಂಬ ಇದು ಜಪಾನಿನವರೇ ದಿನನಿತ್ಯ ತಿನ್ನುವ ರೋಲ್. ಸಾಸು, ಮಯೋನೀಸ್ ಯಾವುದೂ ಇಲ್ಲದ್ದರಿಂದ ಅಡುಗೆಯವರ ಕೈಗುಣ ಇದರಲ್ಲೇ ಗೊತ್ತಾಗುತ್ತದೆ. ಅನ್ನ ಉಗುರುಬೆಚ್ಚಗಿದ್ದು ಬಾಯಲ್ಲಿ ಅಗುಳಗುಳಾಗಿ ಬಿಡಬೇಕು. ತಣ್ಣಗೆ ಗಟ್ಟಿಯಾಗಿದ್ದರೆ ಸುತ್ತಿ ಫ್ರಿಜ್‌ನಲ್ಲಿಟ್ಟದ್ದು. ಮುದ್ದೆಯಾಗಿದ್ದರೆ ನೀರು ಹೆಚ್ಚಾಗಿದೆ, ಇಲ್ಲವೇ ಸುತ್ತುವಾಗ ಹಿಸುಕಿದ್ದಾರೆ. ಹೊರಗಿನ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆ, ಹಲ್ಲಿಗೆ ಸಿಕ್ಕಿ ಜಗ್ಗಿದರೆ ರೋಲ್ ಮಾಡಿ ಬಹಳ ಹೊತ್ತಾಗಿದೆ. ಇಷ್ಟರಲ್ಲೇ ಎಡವಿದ ಕಡೆ ಹಸಿ ಮೀನು ಹೇಳಬೇಡಿ.

ಮೀನಿನ ವಿಷಯಕ್ಕೆ ಬಂದರೆ, ಮಂಗಳೂರಿನ ಕಡಲು ಇಲ್ಲಿಂದ ಸುಮಾರು 250 ಕಿಲೋಮೀಟರ್. 'ಇವತ್ತೇ ಬಂದ ತಾಜಾ ಮೀನು' ಎಂಬ ಮಾತು ಮೀನು ಸಾರು ಮಾಡಲು ಸರಿ, ಹಸಿಯಾಗಿ ತಿನ್ನಲು ಸಾಲದು. ಕಡಲ ಮೀನಿನಲ್ಲಿರುವ ಅನಿಸಾಕಿಸ್ ಎಂಬ ಹುಳು ಸಾಯಬೇಕಾದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು, ಅಥವಾ ಮೈನಸ್ 35ರಲ್ಲಿ ಪೂರ್ತಿ ಹೆಪ್ಪುಗಟ್ಟಿಸಿ ಅದೇ ಚಳಿಯಲ್ಲಿ 15 ಗಂಟೆ. ಮನೆಯ ಫ್ರಿಜ್‌ನ ಫ್ರೀಜರ್‌ಗೆ ಇದು ಆಗುವ ಕೆಲಸವಲ್ಲ. 'ಹಸಿಯಾಗಿ ತಿನ್ನೋಕೆ ಅಂತಲೇ ಫ್ರೀಜ್ ಮಾಡಿ ತರಿಸಿದ್ದಾ, ಯಾವತ್ತು ಹೆಪ್ಪು ಕರಗಿಸಿದ್ದು?' ಎಂದು ನೇರವಾಗಿ ಕೇಳಿ. ಫ್ರೀಜ್ ಮಾಡಿದರೆ ಹುಳು ಸಾಯುತ್ತದೆ, ಬ್ಯಾಕ್ಟೀರಿಯಾ ಉಳಿಯುತ್ತದೆ. ಅದಕ್ಕೇ ಹೆಪ್ಪು ಕರಗಿಸಿದ ದಿನವೂ ಮುಖ್ಯ. ಉತ್ತರ ತಡವರಿಸಿದರೆ ಬೇಯಿಸಿದ ಸಿಗಡಿಯ ಎಬಿ ಅಥವಾ ಸುಟ್ಟ ಹಾವುಮೀನಿನ ಉನಗಿ ಹೇಳಿ. ಕಾವೇರಿ, ಕಬಿನಿಯ ಕಾಟ್ಲಾ, ರೋಹುವನ್ನು ಹಸಿಯಾಗಿ ಕೊಡುತ್ತೇವೆಂದರೆ ಎದ್ದು ಬನ್ನಿ. ಸಿಹಿನೀರಿನ ಮೀನಿನ ಹುಳುಗಳು ಇನ್ನೂ ಕೆಟ್ಟವು. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಹಸಿ ಮೀನು ಬೇಡವೇ ಬೇಡ.

ಸಸ್ಯಾಹಾರಿಗಳು ಮೆನುವಿನ ಹಸಿರು ಚುಕ್ಕೆಯೊಂದನ್ನೇ ನಂಬಬಾರದು. ಮಿಸೊ ಸೂಪಿನ ದಾಶಿ ಎಂಬ ತಿಳಿಯನ್ನು ಸಾಮಾನ್ಯವಾಗಿ ಒಣಮೀನಿನ ಚೂರಿನಿಂದ ತೆಗೆಯುತ್ತಾರೆ. ಸಿಹಿ ತೋಫು ಚೀಲದ ಇನಾರಿಯನ್ನೂ ಅದರಲ್ಲೇ ಬೇಯಿಸುವುದುಂಟು. 'ಕ್ರ್ಯಾಬ್ ಸ್ಟಿಕ್' ಎಂಬುದರಲ್ಲಿ ಏಡಿ ಇಲ್ಲದಿರಬಹುದು, ಮೀನಂತೂ ಇರುತ್ತದೆ. ರೋಲ್ ಮೇಲಿನ ಕಿತ್ತಳೆ ಕಾಳುಗಳು ಮೀನಿನ ಮೊಟ್ಟೆ. ಜಪಾನಿನ ಬಜ್ಜಿಯಂಥ ತರಕಾರಿ ಟೆಂಪುರಾದ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಎಂದೂ ಕೇಳಿಕೊಳ್ಳಿ. ಧೈರ್ಯವಾಗಿ ತಿನ್ನಬಹುದಾದದ್ದು ಎಡಮಾಮೆ, ಅಂದರೆ ಬೇಯಿಸಿದ ಎಳೆ ಸೋಯಾ ಕಾಯಿ. ಹಿತಕವರೆಗೆ ಹಿಸುಕುವ ಹಾಗೆ ಸಿಪ್ಪೆಯಿಂದ ಕಾಳನ್ನು ನೇರ ಬಾಯಿಗೆ ಹಿಸುಕಿಕೊಂಡು ಸಿಪ್ಪೆ ಬಿಡಬೇಕು.

ಸಣ್ಣ ರೋಲ್ ಸಾಮಾನ್ಯವಾಗಿ 6 ತುಂಡು, ಅನ್ನ ಹೊರಗಿರುವ ದಪ್ಪ ರೋಲ್ 8, ಅನ್ನದುಂಡೆಯ ಮೇಲೆ ಮೀನಿಟ್ಟ ನಿಗಿರಿ 2. ಇಬ್ಬರಿಗೆ ಒಂದೊಂದು ತಟ್ಟೆ ಹೇಳಿ ನಿಲ್ಲಿಸಿ. ವಿನೆಗರ್ ಅನ್ನ ಹೊಟ್ಟೆ ಬೇಗ ತುಂಬಿಸುತ್ತದೆ, ಬೇಕಾದರೆ ಮತ್ತೆ ಹೇಳಬಹುದು.

ನಿಗಿರಿಯನ್ನು ಕೈಯಲ್ಲೇ ತಿನ್ನಿ, ಜಪಾನಿನಲ್ಲೂ ಅದು ಮರ್ಯಾದೆಯೇ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನಲ್ಲಿ ಹಗುರವಾಗಿ ಹಿಡಿದು ಪಕ್ಕಕ್ಕೆ ಹೊರಳಿಸಿ, ಮೀನಿನ ಅಂಚನ್ನಷ್ಟೇ ಸೋಯಾ ಸಾಸಿಗೆ ಮುಟ್ಟಿಸಿ, ಇಡಿಯಾಗಿ ಬಾಯಿಗಿಡಿ. ಅನ್ನದ ಕಡೆ ಅದ್ದಿದರೆ ಸಾಸು ಹೀರಿಕೊಂಡು ಬಟ್ಟಲಲ್ಲೇ ಉದುರುತ್ತದೆ, ಬರೀ ಉಪ್ಪು ರುಚಿ ಉಳಿಯುತ್ತದೆ. ಬಟ್ಟಲಿಗೆ ಒಂದು ಚಮಚ ಸಾಸು ಸಾಕು. ಹಸಿರು ವಸಾಬಿಯನ್ನು ಸಾಸಿನಲ್ಲಿ ಕಲಸದೆ ಸಾಸಿವೆಕಾಳಿನಷ್ಟು ಮೀನಿನ ಮೇಲಿಡಿ. ಅದರ ಖಾರ ಮೂಗಿಗೇರಿ ಕ್ಷಣದಲ್ಲಿ ಇಳಿಯುತ್ತದೆ. ಸಿಹಿ ವಿನೆಗರ್‌ನಲ್ಲಿ ನೆನೆಸಿದ ಶುಂಠಿ ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ತೊಳೆಯಲಿಕ್ಕೆ, ಸುಶಿಯ ಮೇಲೆ ಹೇರಬೇಡಿ. ಚಾಪ್‌ಸ್ಟಿಕ್ ಕಡ್ಡಿ ಹಿಡಿದರೆ ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಜಪಾನಿನವರು ಹಾಗೆ ಮಾಡುವುದು ಸತ್ತವರಿಗೆ ಎಡೆ ಇಡುವಾಗ.

ಪಾರ್ಸೆಲ್ ತಂದರೆ ಹಸಿ ಮೀನಿನದು 2 ಗಂಟೆಯೊಳಗೆ ಖಾಲಿಯಾಗಬೇಕು. ಏಪ್ರಿಲ್ ಬಿಸಿಲಲ್ಲಿ, 32 ಡಿಗ್ರಿ ದಾಟಿದ ದಿನ, ಒಂದೇ ಗಂಟೆ. ಉಳಿದದ್ದನ್ನು ನಾಳೆಗೆಂದು ಇಡದೆ ಎಸೆಯಿರಿ.