ಸುಡದ ಮಣ್ಣಿನ ಇಟ್ಟಿಗೆ: ಅಚ್ಚಿಗೆ ಹಾಕುವ ಮುನ್ನ ಮಣ್ಣು ನೋಡಿ

ಗೂಡಿನಲ್ಲಿ ಸುಡದೆ, ಕೈಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆ ಪುಡಿ ಉದುರಿದರೆ ಎಲ್ಲರೂ ಮೊದಲು ದೂರುವುದು ಸಿಮೆಂಟನ್ನು. ನೂರಕ್ಕೆ ಏಳು ಹಾಕುತ್ತಿದ್ದವರು ಹತ್ತು ಹಾಕತೊಡಗುತ್ತಾರೆ. ಆದರೆ ಹೆಚ್ಚಿನ ಸಲ ತಪ್ಪಿರುವುದು ಮಣ್ಣಿನ ಹದ ಅಥವಾ ನೀರಿನ ಹದ. ಎರಡನ್ನೂ ಖರ್ಚಿಲ್ಲದೆ ನೋಡಿಕೊಳ್ಳಬಹುದು.

ಮೇಲಿನ ಒಂದಡಿ ಮಣ್ಣನ್ನು ತೆಗೆದು ಪಕ್ಕಕ್ಕೆ ಗುಡ್ಡೆ ಹಾಕಿ. ಅದರಲ್ಲಿರುವ ಬೇರು, ಕೊಳೆತ ಎಲೆ ಸಿಮೆಂಟ್ ಗಟ್ಟಿಯಾಗಲು ಬಿಡುವುದಿಲ್ಲ. ಗಿಡಗಳಿಗೆ ಮಾತ್ರ ಅದೇ ಜೀವ, ಆದ್ದರಿಂದ ಒಂದು ಬುಟ್ಟಿಯನ್ನೂ ಹಾಳು ಮಾಡಬೇಡಿ. ಇಟ್ಟಿಗೆಗೆ ಬೇಕಾದ್ದು ಅದರ ಕೆಳಗಿನ ಮಣ್ಣು.

ನೇರ ಗೋಡೆಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಈ ಮಣ್ಣು, ಚಿಟಿಕೆ ಉಪ್ಪು ಹಾಕಿ ನೀರು ತುಂಬಿ ಚೆನ್ನಾಗಿ ಕುಲುಕಿ. ಗಂಟೆ ಬಿಟ್ಟು ಮತ್ತೊಮ್ಮೆ ಕುಲುಕಿ ಅಲುಗಾಡಿಸದೆ ಇಡಿ. ಒಂದು ನಿಮಿಷದೊಳಗೆ ತಳ ಸೇರುವುದು ಮರಳು, ಅಲ್ಲಿಗೆ ಗೀಟು ಹಾಕಿ. ಒಂದೆರಡು ಗಂಟೆಯಲ್ಲಿ ಕೂರುವುದು ರೇವೆ, ಅಂದರೆ ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣಗಳ ಮಣ್ಣು. ಮರುದಿನ ಮೇಲೆ ಕಾಣುವ ನುಣುಪು ಪದರ ಜೇಡಿ. ನೀರು ಕುಡಿದು ಉಬ್ಬುವುದರಿಂದ ಜೇಡಿ ಇರುವುದಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ. ನೂರು ಪಾಲಿನಲ್ಲಿ ಮರಳು ಮತ್ತು ಸಣ್ಣ ಜಲ್ಲಿ ಸೇರಿ 65, ರೇವೆ 15, ಜೇಡಿ 20ರ ಆಸುಪಾಸಿನಲ್ಲಿದ್ದರೆ ಒಳ್ಳೆಯ ಮಣ್ಣು. ಜೇಡಿ ಹೆಚ್ಚಿದ್ದರೆ ಇಟ್ಟಿಗೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಮರಳು ಬೆರೆಸಿ ಮತ್ತೆ ಪರೀಕ್ಷಿಸಿ. ಜೇಡಿ 30 ದಾಟಿದ ಮಣ್ಣಿಗೆ ಸಿಮೆಂಟ್‌ಗಿಂತ ಸುಣ್ಣ ಒಗ್ಗುತ್ತದೆ.

ಮಣ್ಣನ್ನು 5 ಮಿ.ಮೀ. ಜರಡಿಯಲ್ಲಿ ಹಿಡಿಯಿರಿ. 100 ಕೆ.ಜಿ. ಒಣ ಮಣ್ಣಿಗೆ 7 ಕೆ.ಜಿ. ಸಿಮೆಂಟ್ ಹಾಕಿ, ಬಣ್ಣ ಒಂದೇ ಆಗುವವರೆಗೆ ಒಣದಾಗಿಯೇ ಕಲಸಿ. ಆಮೇಲೆ ನೀರು ಚಿಮುಕಿಸುತ್ತಾ ಬನ್ನಿ, ಸುರಿಯಬೇಡಿ. ಒಂದು ಹಿಡಿ ತೆಗೆದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು; ಒಡೆಯದೆ ಚಪ್ಪಟೆಯಾದರೆ ಹೆಚ್ಚಾಗಿದೆ. ಹಾಗಿದ್ದಾಗ ಒಣ ಮಿಶ್ರಣ ಸೇರಿಸಿ. ಬಿಸಿಲಿನಲ್ಲಿ ಹದ ಬೇಗ ಹಾರಿಹೋಗುವುದರಿಂದ ನಡುವೆ ಇನ್ನೊಮ್ಮೆ ಉಂಡೆ ಬಿಟ್ಟು ನೋಡಿ.

ನೀರು ತಾಗಿದ ಅರ್ಧ ಗಂಟೆಯೊಳಗೆ ಮಿಶ್ರಣವನ್ನೆಲ್ಲ ಅಚ್ಚಿನಲ್ಲಿ ಒತ್ತಿ ಮುಗಿಸಬೇಕು. ತಡವಾದರೆ ಸಿಮೆಂಟ್ ಅಚ್ಚಿನ ಹೊರಗೇ ಬಿಗಿಯತೊಡಗಿರುತ್ತದೆ. ಒಮ್ಮೆಗೆ ನೂರು ಕೆ.ಜಿ.ಗಿಂತ ಹೆಚ್ಚು ಕಲಸಬೇಡಿ.

ಅಚ್ಚಿಗೆ ಅಂದಾಜಿನಲ್ಲಿ ತುಂಬುವುದು ಬೇಡ, ತೂಗಿ ಹಾಕಿ. 23×19×10 ಸೆಂ.ಮೀ. ಇಟ್ಟಿಗೆಗೆ ಹದವಾದ ಮಿಶ್ರಣ ಸುಮಾರು 8.6 ಕೆ.ಜಿ. ಬೇಕು. ಕಡಿಮೆ ಹಾಕಿದರೆ ಯಂತ್ರದ ಸನ್ನೆಕೋಲು ಸಲೀಸಾಗಿ ಇಳಿಯುತ್ತದೆ, ಇಟ್ಟಿಗೆ ನೋಡಲು ಚೆಂದವೇ ಇರುತ್ತದೆ, ಆದರೆ ಒಳಗೆ ಸಡಿಲ. ಮೂಲೆಗಳನ್ನು ಬೆರಳಿನಿಂದ ಒತ್ತಿ ತುಂಬಿ, ಮೊದಲು ಉದುರುವುದು ಅವೇ.

ಹೊರತೆಗೆದ ಇಟ್ಟಿಗೆಗಳನ್ನು ನೆರಳಿನಲ್ಲಿ ಜೋಡಿಸಿ ಎರಡು ದಿನ ಪ್ಲಾಸ್ಟಿಕ್ ಹಾಳೆ ಮುಚ್ಚಿ. ನಂತರ ಗೋಣಿಚೀಲ ಹೊದಿಸಿ, 28 ದಿನ ಅದು ಒಣಗದಂತೆ ನೀರು ಹಾಕಿ. ಎಲ್ಲರೂ ಸೋಲುವುದು ಇಲ್ಲೇ: ವಾರಕ್ಕೇ ಇಟ್ಟಿಗೆ ಗಟ್ಟಿಯಾಗಿ ಕಂಡು ನೀರು ನಿಲ್ಲಿಸುತ್ತಾರೆ. ಒಣಗಿದೊಡನೆ ಸಿಮೆಂಟಿನ ಕೆಲಸ ನಿಲ್ಲುತ್ತದೆ.

28 ದಿನದ ಬಳಿಕ ಬೇರೆಬೇರೆ ದಿನ ಒತ್ತಿದ ಕೆಲವನ್ನು ಒಂದು ಇಡೀ ದಿನ ನೀರಿನಲ್ಲಿ ಮುಳುಗಿಸಿಡಿ. ಮೂಲೆ ಮೆತ್ತಗಾದರೆ ಅಥವಾ ಉಗುರಿಗೆ ಮಣ್ಣು ಕೆರೆದು ಬಂದರೆ ಆ ದಿನದ ರಾಶಿಯನ್ನು ಹೊರಗೋಡೆಗೆ ಬಳಸಬೇಡಿ.

ಕಟ್ಟುವಾಗ ಇಟ್ಟಿಗೆಯನ್ನು ನೆನೆಸಿಕೊಳ್ಳಿ. ಗಾರೆಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಅದೇ ಮಣ್ಣು, ಆರು ಪಾಲು ಮರಳು ಸಾಕು. ಗಾರೆ ಇಟ್ಟಿಗೆಗಿಂತ ಗಡುಸಾದರೆ ಬಿರುಕು ಸಂದಿ ಬಿಟ್ಟು ಇಟ್ಟಿಗೆಯನ್ನೇ ಸೀಳುತ್ತದೆ. ನೆಲದಿಂದ ಒಂದೂವರೆ ಅಡಿ ಕಲ್ಲಿನ ಪಾಯ ಎಬ್ಬಿಸಿ, ಚಾವಣಿಯನ್ನು ಗೋಡೆಯಿಂದ ಎರಡು ಅಡಿ ಹೊರಚಾಚಿ. ಗೋಡೆಯ ಬುಡವನ್ನು ತಿನ್ನುವುದು ನೆಲಕ್ಕೆ ಬಿದ್ದು ಸಿಡಿಯುವ ಮಳೆಹನಿ.