ಇಬಿಪಿಎಫ್ ಲೋಡರ್‌ನ ಪ್ಯಾಚ್ ರಿವ್ಯೂ: ನನ್ನ ಅನುಭವ

ನಮ್ಮ ತಂಡದ ಮಾನಿಟರಿಂಗ್ ಟೂಲ್ ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಇಬಿಪಿಎಫ್ ಪ್ರೋಗ್ರಾಮ್‌ಗಳನ್ನು, ಅಂದರೆ ಕರ್ನಲ್‌ನೊಳಗೇ ಓಡುವ ಪುಟ್ಟ ಪ್ರೋಗ್ರಾಮ್‌ಗಳನ್ನು ಲೋಡ್ ಮಾಡುತ್ತದೆ; ಆ ಕೆಲಸ ಮಾಡುವ ಭಾಗವೇ ಲೋಡರ್. ಅದರ ಪ್ಯಾಚ್‌ಗಳ (ಕೋಡ್ ಬದಲಾವಣೆಗಳ) ರಿವ್ಯೂ ನನ್ನ ಪಾಲಿಗಿದೆ. ಕರ್ನಲ್‌ನೊಳಗೆ ಓಡುವ ಭಾಗದಲ್ಲಿ ತಪ್ಪು ಪಾಯಿಂಟರ್ ಅಥವಾ ಮುಗಿಯದ ಲೂಪ್ ಇದ್ದರೆ ಕರ್ನಲ್‌ನ ತಪಾಸಕನಾದ ವೆರಿಫೈಯರ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಲೋಡರ್‌ಗೆ ಅಂಥ ಕಾವಲಿಲ್ಲ. ಆದ್ದರಿಂದ ಲೋಡ್ ಅಥವಾ ಅಟ್ಯಾಚ್ (ಪ್ರೋಗ್ರಾಮನ್ನು ಕರ್ನಲ್‌ನ ಒಂದು ಘಟನೆಗೆ ಜೋಡಿಸುವುದು) ವಿಫಲವಾದಾಗ ಕೋಡ್ ಏನು ಮಾಡುತ್ತದೆ ಎಂಬುದನ್ನೇ ನಾನು ಮೊದಲು ಓದುತ್ತೇನೆ.

ಈ ಲೋಡ್, ಅಟ್ಯಾಚ್ ಕೆಲಸಗಳಿಗೆ ಬಳಸುವ ಲೈಬ್ರರಿಯಾದ ಲಿಬ್‌ಬಿಪಿಎಫ್‌ನ 2022ರಲ್ಲಿ ಬಂದ 1.0 ಆವೃತ್ತಿಗೆ ಟೂಲನ್ನು ಒಗ್ಗಿಸುವ ಪ್ಯಾಚ್ ಇದಕ್ಕೆ ಒಳ್ಳೆಯ ಉದಾಹರಣೆ. ಅಟ್ಯಾಚ್ ಫಂಕ್ಷನ್ ಸೋತರೆ ಹಿಂದೆ ದೋಷಸಂಖ್ಯೆಯನ್ನು ಪಾಯಿಂಟರ್‌ನೊಳಗೇ ಅಡಗಿಸಿ ಕೊಡುತ್ತಿತ್ತು, 1.0ರಲ್ಲಿ ಅದು ನಲ್ (ಖಾಲಿ ಪಾಯಿಂಟರ್) ಮರಳಿಸಿ, ಕಾರಣವನ್ನು ಎರ್‌ನೋ ಎಂಬ ದೋಷಸಂಖ್ಯೆಯ ವೇರಿಯಬಲ್‌ನಲ್ಲಿಡುತ್ತದೆ. ಪ್ಯಾಚ್‌ನಲ್ಲಿ ನಲ್ ತಪಾಸಣೆ ಸರಿಯಾಗಿಯೇ ಇತ್ತು; ಆದರೆ ಮೊದಲು ಲಾಗ್ ಬರೆದು, ನಂತರ ಎರ್‌ನೋ ಓದುತ್ತಿತ್ತು. ಲಾಗ್ ಬರೆಯುವ ಕರೆಯೇ ಎರ್‌ನೋವನ್ನು ಬದಲಿಸಬಹುದಾದ್ದರಿಂದ, ಆ ಎರಡು ಸಾಲುಗಳನ್ನು ಅದಲುಬದಲು ಮಾಡುವಂತೆ ಸೂಚಿಸಿದೆ.

ಹೆಚ್ಚು ಹೊತ್ತು ಹಿಡಿಯುವುದು ಪಿನ್ನಿಂಗ್. ಅಟ್ಯಾಚ್ ಆದ ಜೋಡಣೆಯೇ ಲಿಂಕ್; ಅದನ್ನು ಪಿನ್ ಮಾಡದಿದ್ದರೆ (ಒಂದು ಫೈಲ್ ಹೆಸರಿಗೆ ಕಟ್ಟಿ ಉಳಿಸದಿದ್ದರೆ) ಟೂಲ್ ಸತ್ತೊಡನೆ ಫೈಲ್ ಡಿಸ್ಕ್ರಿಪ್ಟರ್ (ಲಿಂಕಿನ ಮೇಲೆ ಟೂಲ್‌ಗಿರುವ ಹಿಡಿತ) ಮುಚ್ಚಿ ಪ್ರೋಗ್ರಾಮ್ ಕಳಚಿಕೊಳ್ಳುತ್ತದೆ. ಬಿಪಿಎಫ್ ಫೈಲ್‌ಸಿಸ್ಟಮ್‌ನಲ್ಲಿ ಪಿನ್ ಮಾಡಿದರೆ ಟೂಲ್ ಇಲ್ಲದಿದ್ದರೂ ಅದು ಓಡುತ್ತಲೇ ಇರುತ್ತದೆ. ಹಾಗಾಗಿ ಪಿನ್ ಸೇರಿಸುವ ಪ್ಯಾಚ್ ಬಂದರೆ, ಟೂಲ್ ಮರುಪ್ರಾರಂಭವಾದಾಗ ಹಳೆಯ ಲಿಂಕಿನ ಗತಿಯೇನು ಎಂದು ಕೇಳುತ್ತೇನೆ. ಹೊಸ ಪ್ರೋಗ್ರಾಮನ್ನೂ ಅಟ್ಯಾಚ್ ಮಾಡಿ, ಹಳೆಯದೂ ಹೊಸದೂ ಒಂದೇ ಪಿನ್ ಆದ ಮ್ಯಾಪ್‌ಗೆ (ಪ್ರೋಗ್ರಾಮ್‌ಗಳು ಎಣಿಕೆ ಇಡುವ ಕರ್ನಲ್‌ನ ಕೋಷ್ಟಕಕ್ಕೆ) ಬರೆದರೆ, ಯಾವ ದೋಷವೂ ಕಾಣಿಸದೆ ಎಣಿಕೆ ದುಪ್ಪಟ್ಟಾಗುತ್ತದೆ. ಮ್ಯಾಪ್‌ನ ವ್ಯಾಲ್ಯೂ ಸ್ಟ್ರಕ್ಟ್‌ಗೆ ಒಂದು ಫೀಲ್ಡ್ ಸೇರಿ ಗಾತ್ರ ಬದಲಾದರೆ ಇನ್ನೊಂದು ತೊಡಕು: ಹಳೆಯ ಆವೃತ್ತಿ ಬಿಟ್ಟುಹೋದ ಮ್ಯಾಪನ್ನು ಲಿಬ್‌ಬಿಪಿಎಫ್ ಒಪ್ಪುವುದಿಲ್ಲ, ಲೋಡ್ ನಿಲ್ಲುತ್ತದೆ. ಇದು ಪ್ಯಾಚ್ ಬರೆದವರ ಯಂತ್ರದಲ್ಲಿ ಕಾಣಿಸುವುದೇ ಅಪರೂಪ. ಅಲ್ಲಿ ಎಲ್ಲವೂ ಹೊಸದಾಗಿಯೇ ಶುರುವಾಗಿರುತ್ತದೆ.

ಕೋಡ್ ಅಳಿಸುವ ಪ್ಯಾಚ್‌ಗಳನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಒಮ್ಮೆ ಮೆಮ್‌ಲಾಕ್ ಮಿತಿ (ಮೆಮೊರಿಯಲ್ಲಿ ಲಾಕ್ ಮಾಡಿಡಬಹುದಾದ ಗಾತ್ರದ ಮಿತಿ) ಏರಿಸುವ ಸಾಲನ್ನು ಅನಗತ್ಯವೆಂದು ತೆಗೆಯಲಾಗಿತ್ತು. 5.11ನೇ ಆವೃತ್ತಿಯಿಂದ ಕರ್ನಲ್ ಮ್ಯಾಪ್‌ಗಳ ಮೆಮೊರಿಯನ್ನು ಈ ಮಿತಿಯ ಬದಲು ಸಿಗ್ರೂಪ್ (ಪ್ರಕ್ರಿಯೆಗಳ ಗುಂಪು) ಲೆಕ್ಕಕ್ಕೆ ಸೇರಿಸುವುದರಿಂದ ಆ ಸಾಲು ಬೇಡ. ಹಳೆಯ ಕರ್ನಲ್‌ಗಳಲ್ಲಿ ಲಿಬ್‌ಬಿಪಿಎಫ್ 1.0 ತಾನೇ ಮಿತಿ ಏರಿಸುತ್ತದೆ. ಆದರೆ ನಮ್ಮ ಲೋಡರ್ ಒಂದು ಮ್ಯಾಪನ್ನು ಲೈಬ್ರರಿಗಿಂತ ಮೊದಲೇ, ನೇರ ಸಿಸ್ಟಮ್ ಕಾಲ್ ಮೂಲಕ ಸೃಷ್ಟಿಸುತ್ತದೆ. 5.4ರಂಥ ಕರ್ನಲ್‌ನಲ್ಲಿ ಮಿತಿ ಸಾಲದೆ ಹೋದರೆ ಅದಕ್ಕೆ ಸಿಗುವುದು ಅನುಮತಿ ಇಲ್ಲವೆಂಬ ದೋಷ, ಅದೂ ಪೂರ್ಣ ಅಧಿಕಾರದ ರೂಟ್ ಬಳಕೆದಾರನಾಗಿದ್ದಾಗಲೇ! ಕಾರಣ ಹುಡುಕುವವರು ಅನುಮತಿಗಳನ್ನೇ ಜಾಲಾಡುತ್ತಾರೆ. ಆ ಮ್ಯಾಪನ್ನೂ ಲೈಬ್ರರಿಯ ಮೂಲಕವೇ ಸೃಷ್ಟಿಸಿ, 5.4 ಕರ್ನಲ್‌ನ ವರ್ಚುಯಲ್ ಯಂತ್ರದಲ್ಲಿ ಓಡಿಸಿದ ಫಲಿತಾಂಶವನ್ನು ಜೊತೆಗಿಟ್ಟ ಮೇಲೆಯೇ ಪ್ಯಾಚ್‌ಗೆ ಒಪ್ಪಿಗೆ ಕೊಟ್ಟೆ.